ನಮಗಿಂತ ಒಂದು ದಿನ ಮೊದಲು ಹೊರಟ ಚೀಲ

ಬೇರೆಯವರು ಪ್ರವಾಸಕ್ಕೆ ಹೋಗುತ್ತಾರೆ, ನಾಲ್ಕು ಫೋಟೋ ತೆಗೆದುಕೊಂಡು ಬರುತ್ತಾರೆ. ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಮೆಟ್ಟಿಲು ಇಳಿಯುವ ಮೊದಲೇ ಏನಾದರೊಂದು ಆಗಿಬಿಟ್ಟಿರುತ್ತದೆ. ಇದನ್ನು ನಾನು ತಲೆತಗ್ಗಿಸಿ ಹೇಳುತ್ತಿಲ್ಲ. ಅಮೆರಿಕದ ಸ್ಯಾನ್ ರಮೋನಿನ ಆಫೀಸಿನಲ್ಲಿ ಇಪ್ಪತ್ತೈದು ವರ್ಷ ಪ್ರಾಜೆಕ್ಟ್ ಮ್ಯಾನೇಜರಾಗಿ ದುಡಿದವನು ನಾನು. ನನ್ನ ಪ್ಲ್ಯಾನುಗಳು ಕೆಟ್ಟದ್ದಿಲ್ಲ. ಕೆಟ್ಟಿದ್ದರೆ ಅದು ಪ್ಲ್ಯಾನಿನ ಹೊರಗೆ ಆದದ್ದು.

ಮೂರು ಷರತ್ತು

ನಮ್ಮ ಒಬ್ಬಳೇ ಮಗಳು ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ವಿಷಯ, ಹೊಳೆಯ ಕಪ್ಪೆಚಿಪ್ಪು. ಈ ಬೇಸಿಗೆಯಲ್ಲಿ ದೇಶದ ಆ ತುದಿಯ ಅಪಲೇಚಿಯನ್ ಬೆಟ್ಟಗಳ ನಡುವೆ, ಹೊಳೆಯ ದಂಡೆಯ ಒಂದು ಸಣ್ಣ ಊರಿಗೆ ಹೋಗಿ ಕೂತಿದ್ದಳು. ದಿನವಿಡೀ ಸೊಂಟದ ಮಟ್ಟ ನೀರಿನಲ್ಲಿ ನಿಂತು ಚಿಪ್ಪು ಎಣಿಸುವುದು ಕೆಲಸ. ಒಂದು ದಿನ ಫೋನು ಮಾಡಿ, ಶನಿವಾರ ಸಂಜೆ ನಾಲ್ಕಕ್ಕೆ ಊರಿನ ಲೈಬ್ರರಿಯಲ್ಲಿ ತನ್ನದೊಂದು ಭಾಷಣವಿದೆ ಎಂದಳು. ಅವಳ ಮೊದಲ ಭಾಷಣ. ಅವಳು ವಾಕ್ಯ ಮುಗಿಸುವಷ್ಟರಲ್ಲಿ ನಾನು ವಿಮಾನ ಹುಡುಕುತ್ತಿದ್ದೆ.

ಕೀಬೋರ್ಡಿನ ಸದ್ದು ಅವಳಿಗೆ ಕೇಳಿಸಿತು. ತಕ್ಷಣ ಇಂಗ್ಲಿಷಿನಲ್ಲಿ ಷರತ್ತು ಹಾಕಿದಳು. ಒಂದು, ಮೂರಕ್ಕಿಂತ ಹೆಚ್ಚು ಜನ ಬರಬಾರದು. ಎರಡು, ಉಳಿಯುವ ಮನೆಯವರಿಗೆ ಫೋನು ಮಾಡಿ ಪ್ರಶ್ನೆ ಕೇಳಬಾರದು. ಮೂರು, ಊರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ 'ಅವಳು ನನ್ನ ಮಗಳು' ಎಂದು ಹೇಳಿಕೊಂಡು ತಿರುಗಬಾರದು. ಇದು ಶಾಂತವಾದ ಊರು, ಶಾಂತವಾಗಿ ಬನ್ನಿ, ಇಲ್ಲದಿದ್ದರೆ ಬರಲೇಬೇಡಿ ಎಂದಳು.

ಅಷ್ಟು ಕಠಿಣ ಯಾಕೆ ಎಂದು ನೊಂದುಕೊಂಡು ಹೆಂಡತಿಯನ್ನು ಕೇಳಿದೆ. ಅವಳು ಮೈಸೂರಿನವಳು, ಮೆತ್ತಗೆ ಮಾತಾಡಿಯೇ ಚುಚ್ಚುತ್ತಾಳೆ. ಮಗಳ ಹೈಸ್ಕೂಲು ಪದವಿ ಸಮಾರಂಭಕ್ಕೆ ಮನೆಗೆ ನಾಲ್ಕೇ ಟಿಕೆಟು ಕೊಟ್ಟಿದ್ದರೂ ನಾನು ಹತ್ತೊಂಬತ್ತು ಜನರನ್ನು ಕರೆದುಕೊಂಡು ಹೋಗಿದ್ದನ್ನು ನೆನಪಿಸಿದಳು. ಉಳಿದ ಹದಿನೈದು ಜನ ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಿದ್ದರು, ಚಿತ್ರಾನ್ನದ ಪಾತ್ರೆ ಸಹಿತ. ಅವತ್ತು ಅತಿ ಜೋರು ಚಪ್ಪಾಳೆ ಬಿದ್ದದ್ದು ನಮ್ಮ ಮಗಳಿಗೇ ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ.

ಒಂದೇ ಒಂದು ಫೋನು

ಹೋಗುವವರು ನಾನು, ಹೆಂಡತಿ, ಮತ್ತು ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮವ್ವ. ಗುರುವಾರ ವಿಮಾನ, ಶುಕ್ರವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಬೆಟ್ಟದ ದಾರಿ, ಶನಿವಾರ ಭಾಷಣ, ಭಾನುವಾರ ವಾಪಸು. ನನ್ನ ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೆಲ್ಲ ನೂರಾ ಹನ್ನೆರಡು ಸಾಲು. ವಿಮಾನ ತಪ್ಪಿದರೆ ಏನು ಮಾಡುವುದು ಎಂಬುದಕ್ಕೇ ಎಂಟು ಸಾಲಿದ್ದವು.

ಎರಡನೇ ಷರತ್ತನ್ನು ನಾನು ಮುರಿಯಲಿಲ್ಲ, ಸ್ವಲ್ಪ ಬಗ್ಗಿಸಿದೆ. ನಾವು ಉಳಿಯಬೇಕಿದ್ದ ಮನೆಯ ಒಡತಿಗೆ ಒಂದೇ ಒಂದು ಫೋನು ಮಾಡಿದೆ. ಕೋಣೆ ಕೆಳಗಿನ ಮಹಡಿಯಲ್ಲಿದೆಯೇ ಎಂದಷ್ಟೇ ಕೇಳಿದೆ. ಆಮೇಲೆ ಒಲೆ ಇದೆಯೇ ಎಂದು ಕೇಳಲು ಇನ್ನೊಂದು. ಮೊಸರು ಹೆಪ್ಪು ಹಾಕಲು ಬೆಚ್ಚಗಿನ ಜಾಗದ ಬಗ್ಗೆ ಮತ್ತೊಂದು. ಹೀಗೆ ಹನ್ನೊಂದಾಯಿತು.

ಏಳನೆಯ ಫೋನಿನಲ್ಲಿ ಬಹಳ ಸಂಕೋಚದಿಂದ, ನಾವು ಒಂದು ಪ್ರೆಶರ್ ಕುಕ್ಕರ್ ತರುತ್ತೇವೆ, ಅದು ಮೂರು ಸಲ ಶಿಳ್ಳೆ ಹಾಕುತ್ತದೆ, ನಿಮ್ಮದು ಶಾಂತವಾದ ಊರು, ಅಕ್ಕಪಕ್ಕದವರಿಗೆ ತೊಂದರೆಯಾದೀತೇ ಎಂದು ಕೇಳಿದೆ. ಆ ಅಮ್ಮ ಸ್ವಲ್ಪ ಯೋಚಿಸಿ, ತನ್ನ ಅಡುಗೆಮನೆಯ ಹಿಂದೆಯೇ ದಿನಕ್ಕೆ ನಾಲ್ಕು ಸಲ ಕಲ್ಲಿದ್ದಲಿನ ರೈಲು ಹೋಗುತ್ತದೆ, ನಿಮ್ಮದು ಬಂದರೆ ಐದನೆಯದು ಅಂದುಕೊಳ್ಳುತ್ತಾರೆ ಎಂದಳು.

ಸೂಟ್‌ಕೇಸಿನೊಳಗಿನ ಗಡಿ

ಎಂಬತ್ತು ಮೈಲಿಯ ಸುತ್ತಿನಲ್ಲಿ ನಮ್ಮವರ ಗ್ರೋಸರಿ ಅಂಗಡಿ ಇಲ್ಲದ ಊರಿಗೆ ಹೋಗುವಾಗ ಏನು ಕಟ್ಟಿಕೊಳ್ಳಬೇಕು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಹೆಂಡತಿ ಪುಳಿಯೋಗರೆ ಗೊಜ್ಜು ಸಾಕು ಎಂದಳು. ಅವ್ವ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಬೆಟ್ಟ ಹತ್ತುವುದಿಲ್ಲ ಎಂದಳು. ನಾನು ಸೂಟ್‌ಕೇಸಿನ ನಡುವೆ ಒಂದು ಟವೆಲು ಹಾಸಿ ಗಡಿ ಗುರುತಿಸಿ, ತಲಾ ಹನ್ನೆರಡು ಪೌಂಡು ಎಂದು ನಿಗದಿ ಮಾಡಿದೆ. ಕೊನೆಗೆ ತೂಗಿದಾಗ ಎರಡೂ ಕಡೆ ಸರಿಸಮ ಇತ್ತು. ನನ್ನ ಬಟ್ಟೆಗೆ ಉಳಿದದ್ದು ಟವೆಲಿನಷ್ಟು ಜಾಗ.

ಪರಸ್ಥಾನ

ಬುಧವಾರ ಬೆಳಿಗ್ಗೆ ಅವ್ವ ತಾನು ತಂದಿದ್ದ ಪಂಚಾಂಗ ತೆಗೆದು, ಗುರುವಾರ ಅಮಾವಾಸ್ಯೆ, ಹೊರಡುವಂತಿಲ್ಲ ಎಂದಳು. ಆ ಪಂಚಾಂಗ ಭಾರತದ ವೇಳೆಗೆ ಅಚ್ಚಾದದ್ದು, ಇಲ್ಲಿಯ ಲೆಕ್ಕ ಬೇರೆ ಎಂದು ನಾನು ಲ್ಯಾಪ್‌ಟಾಪು ತೋರಿಸಿದೆ. ಚಂದ್ರ ನಿನ್ನ ಲ್ಯಾಪ್‌ಟಾಪ್ ನೋಡಿ ಹುಟ್ಟುವುದಿಲ್ಲ ಎಂದಳು.

ಆಮೇಲೆ ಅವಳೇ ದಾರಿ ಹೇಳಿದಳು: ಪರಸ್ಥಾನ ಇಡುವುದು. ಒಳ್ಳೆಯ ದಿನವೇ ಸಾಮಾನಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದ ಹಾಗೆ. ಮರುದಿನ ಹೋಗುತ್ತಾ ಆ ಗಂಟು ಎತ್ತಿಕೊಂಡು ಹೋದರಾಯಿತು, ಅಮಾವಾಸ್ಯೆ ಏನೂ ಮಾಡುವಂತಿಲ್ಲ. ಇದನ್ನೂ ಶೀಟಿನಲ್ಲಿ ಬರೆದುಕೋ ಎಂದು ಹೆಂಡತಿ ಹೇಳಿದಳು. ಇಂಥದ್ದಕ್ಕೆಲ್ಲ ನನ್ನ ಶೀಟಿನಲ್ಲಿ ಜಾಗವಿಲ್ಲ ಎಂದೆ. ಆ ಮಾತನ್ನು ಈಗ ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ.

ಪಕ್ಕದ ಮನೆಯಾತ ಒಂಟಿ ಅಮೆರಿಕನ್ ಮುದುಕ, ನಿವೃತ್ತ ಪೋಸ್ಟ್‌ಮ್ಯಾನ್. ಅವ್ವ ಒಂದು ಬಟ್ಟೆಯ ಚೀಲ ಹಿಡಿದು ಅವನ ಬಾಗಿಲಿಗೆ ಹೋದಳು, ನಾನು ದುಭಾಷಿ. ಈ ಚೀಲ ಇವತ್ತೇ ಪ್ರಯಾಣ ಹೊರಟಿದೆ, ನಾಳೆ ಹತ್ತಿಸಿಕೊಳ್ಳುತ್ತೇವೆ ಎಂದು ವಿವರಿಸಿದೆ. ಅವನು ನಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಗೆ ಹೊರಟಿದೆ ಎಂದು ವಿಳಾಸ ಬರೆದುಕೊಂಡ. ಒಡತಿಗೆ ಹನ್ನೊಂದನೆಯ ಫೋನು ಮಾಡಿದ್ದೂ ಅವತ್ತೇ. ನಾವು ಶುಕ್ರವಾರ ಬರುವುದಾದರೂ ಒಂದು ಚೀಲ ಮುಂಚೆ ಕಳಿಸಿ ಲೆಕ್ಕಕ್ಕೆ ಬುಧವಾರವೇ ಹೊರಟಿದ್ದೇವೆ ಎಂದು ತಿಳಿಸಿದೆ. ಸುಳ್ಳು ಹೇಳಬಾರದು ನೋಡಿ.

ನಾಲ್ಕನೇ ಕವರು

ಗುರುವಾರ ವೇಳೆಗೆ ಸರಿಯಾಗಿ ಹೊರಟೆವು. ಫ್ರೀವೇಯಲ್ಲಿ ಟ್ರಾಫಿಕ್ಕೂ ಇರಲಿಲ್ಲ. ಏರ್‌ಪೋರ್ಟಿನಲ್ಲಿ ನಾನು ಹೆಮ್ಮೆಯಿಂದ ನನ್ನ ಫೈಲು ಬಿಚ್ಚಿದೆ. ಪಾರದರ್ಶಕ ಕವರುಗಳು, ಒಂದೊಂದಕ್ಕೂ ನಂಬರು. ನಾಲ್ಕನೇ ಕವರಿನಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸು ಇರಬೇಕಿತ್ತು. ಕವರು ಖಾಲಿ.

ಲೈಸೆನ್ಸಿಲ್ಲದೆ ಬಾಡಿಗೆ ಕಾರು ಕೊಡುವುದಿಲ್ಲ. ಹೆಂಡತಿ ಬೆಟ್ಟದ ದಾರಿಯಲ್ಲಿ ಸ್ಟೀರಿಂಗು ಮುಟ್ಟುವುದಿಲ್ಲ ಎಂದು ಮೊದಲೇ ಕೈ ಮುಗಿದಿದ್ದಳು. ಕಾರಿಲ್ಲದೆ ಆ ಊರಿಲ್ಲ, ಆ ಊರಿಲ್ಲದೆ ಮಗಳ ಭಾಷಣವಿಲ್ಲ. ನಾನು ಚೀಲಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಿರುವಾಗ ಅವ್ವ ಶಾಂತವಾಗಿ ಕೇಳಿದಳು.

"ಏನ್ ಹುಡುಕಾಕತ್ತಿ? ಆ ನಿನ್ನ ಫೋಟೋದ ಕಾರ್ಡೇನು? ಅದನ್ನ ಪರಸ್ಥಾನದ ಚೀಲದಾಗ ಹಾಕೇನಿ."

ಯಾಕೆ ಎಂದೆ.

"ನೀನ ಅಲ್ಲೇನು ಅಂದಾಂವ, ಇದೊಂದು ಇಲ್ಲಂದ್ರ ಪ್ರಯಾಣನ ಇಲ್ಲಂತ? ಪರಸ್ಥಾನಕ್ಕ ಅಂಥಾದ್ದ ಇಡಬೇಕು. ಚೀಲ ತೊಗೊಳ್ಳೂದು ಮರತಾಂವ ನೀನು."

ಚೀಲ ತೆಗೆದುಕೊಳ್ಳುವ ಸಾಲು ನನ್ನ ಶೀಟಿನಲ್ಲಿ ಇರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮೈಸೂರಿನವರು ಹಾಗೆ ಸುಮ್ಮನಿದ್ದಾಗಲೇ ಹೆಚ್ಚು ನೋವಾಗುವುದು.

ಪಕ್ಕದ ಮನೆಯಾತನಿಗೆ ಫೋನು ಮಾಡಿದೆ. ಅವನು ಆಗಲೇ ಫ್ರೀವೇಯಲ್ಲಿದ್ದ. ನಮ್ಮ ಕಾರು ಚೀಲ ಬಿಟ್ಟು ಹೋದದ್ದನ್ನು ಕಿಟಕಿಯಿಂದ ನೋಡಿ, ಐದು ನಿಮಿಷ ಕಾದು, ತಾನೇ ಹೊರಟುಬಿಟ್ಟಿದ್ದನಂತೆ. ಬಂದವನು ನಾನು ಕೈ ಚಾಚಿದರೆ ಚೀಲ ಕೊಡಲಿಲ್ಲ. ಕೊಟ್ಟವರಿಗೇ ಮುಟ್ಟಿಸುವುದು ಪದ್ಧತಿ ಎಂದು ಅವ್ವನ ಕೈಗಿಟ್ಟು, ಜೇಬಿನಿಂದ ಒಂದು ಚೀಟಿ ತೆಗೆದು ಸಹಿ ಹಾಕಿಸಿಕೊಂಡ. ಅವ್ವ ಕನ್ನಡದಲ್ಲಿ ಸಹಿ ಮಾಡಿ, ಎರಡು ಕಟಕ ರೊಟ್ಟಿ ಕೊಟ್ಟು, ತಲೆ ಮುಟ್ಟಿ ಹರಸಿದಳು. ತನ್ನ ಸರ್ವೀಸಿನಲ್ಲಿ ಒಂದು ಪಾರ್ಸೆಲ್ಲೂ ಹಿಂದೆ ಉಳಿದಿಲ್ಲ ಎಂದು ಅವನು ನನಗೆ ಹೇಳಿದ. ಪ್ಲ್ಯಾನಿಂಗಿನ ಬಗ್ಗೆ ನಾನು ಅವನ ಹತ್ತಿರ ಏನೂ ಮಾತಾಡಲಿಲ್ಲ.

ಶನಿವಾರ ನಾಲ್ಕು ಗಂಟೆ

ಲೈಬ್ರರಿಯಲ್ಲಿ ಹದಿನಾಲ್ಕು ಕುರ್ಚಿ ಹಾಕಿದ್ದರು. ನಾವು ಕೊಟ್ಟ ಮಾತಿನಂತೆ ಮೂವರು, ಸದ್ದಿಲ್ಲದೆ ಹೋಗಿ ಕೂತೆವು. ಮೂರೂ ಮುಕ್ಕಾಲಿಗೆ ಜನ ಬರತೊಡಗಿದರು. ಕೆಲವರು ಮನೆಯಿಂದಲೇ ಮಡಿಚುವ ಕುರ್ಚಿ ತಂದಿದ್ದರು, ಕೆಲವರು ಮುಚ್ಚಿದ ಪಾತ್ರೆ ತಂದಿದ್ದರು. ನಾಲ್ಕಕ್ಕೆ ಗೋಡೆಗೆ ಒರಗಿ ನಿಲ್ಲಲೂ ಜಾಗವಿರಲಿಲ್ಲ. ಮಗಳು ಮುಂದಿನಿಂದ ನನ್ನನ್ನೇ ದುರುಗುಟ್ಟಿ ನೋಡಿದಳು. ನಾನಲ್ಲ ಎಂದು ಎರಡೂ ಕೈ ಎತ್ತಿದೆ. ಚೀಲವನ್ನು ಒಂದು ದಿನ ಮುಂಚೆ ಕಳಿಸಿದ ಮನೆತನ ಈ ಭಾಷಣಕ್ಕೆ ಬರುತ್ತದೆ ಎಂದು ಒಡತಿ ಊರಿಗೆಲ್ಲ ಹೇಳಿದ್ದಳು.

ಪಕ್ಕದಲ್ಲಿ ಕೂತ ಮುದುಕರೊಬ್ಬರು ನನಗೆ ಮಗಳ ಪರಿಚಯ ಮಾಡಿಕೊಟ್ಟರು. ಆ ಹುಡುಗಿ ಬೇಸಿಗೆಯಿಡೀ ನಮ್ಮ ಹೊಳೆಯಲ್ಲೇ ಇದ್ದಳು, ನಮಗಿಂತ ಚೆನ್ನಾಗಿ ಅದನ್ನು ಬಲ್ಲಳು, ಈಗ ಅವಳು ನಮ್ಮ ಹುಡುಗಿ ಎಂದರು. ಮೂರನೇ ಷರತ್ತು ನೆನಪಿತ್ತು. ಹೌದೇ ಎಂದು ತಲೆಯಾಡಿಸಿ ಬಾಯಿ ಬಿಗಿಹಿಡಿದು ಕೂತೆ. ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ.

ಕಪ್ಪೆಚಿಪ್ಪು ಒಂದೇ ಕಡೆ ಊರಿಕೊಂಡು ಬದುಕುತ್ತದೆ, ಅದರ ಮರಿಗಳು ಮಾತ್ರ ಮೀನಿಗೆ ಅಂಟಿಕೊಂಡು ದೂರ ಹೋಗುತ್ತವೆ ಎಂದು ಮಗಳು ಹೇಳಿದಳು. ಹೆಂಡತಿ ಅವ್ವನ ಕಿವಿಯಲ್ಲಿ ಕನ್ನಡಿಸುತ್ತಿದ್ದಳು. ಪ್ರಶ್ನೆಯ ವೇಳೆಗೆ ಮೊದಲು ಎದ್ದ ಕೈ ಅವ್ವನದು.

"ಆ ಮರಿ ಹೋಗೂ ಮುಂದ ಅವ್ವ ಅಪ್ಪಗ ಹೇಳಿ ಹೋಗ್ತದೇನು?"

ಇಡೀ ಸಭೆ ಮಗಳ ಕಡೆ ತಿರುಗಿತು. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಕನ್ನಡದಲ್ಲೇ ಹೇಳಿದಳು.

"ಇಲ್ಲ ಅಜ್ಜಿ. ಹೇಳಲ್ಲ. ಆದ್ರೆ ಅವರು ಅಲ್ಲೇ ಇರ್ತಾರೆ. ಮೂವ್ ಆಗಲ್ಲ. ಕಾಯ್ತಾರೆ."

ಆಮೇಲೆ ಊರಿನವರಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಕಣ್ಣು ತುಂಬಿ ಬಂತು, ಹೆಮ್ಮೆಯಿಂದ. ಪಕ್ಕದ ಮುದುಕರು ಕರವಸ್ತ್ರ ಕೊಟ್ಟು, ಚಿಪ್ಪಿನ ವಿಷಯ ನಿಮಗೆ ಇಷ್ಟು ನಾಟುತ್ತದೆ ಅಂದುಕೊಂಡಿರಲಿಲ್ಲ ಎಂದರು.

ವಾಪಸಿನ ಚೀಲ

ಭಾನುವಾರ ಹೊರಡುವಾಗ ಮಗಳು ಒಂದು ದೊಡ್ಡ ಚೀಲ ತಂದು ಅವ್ವನ ಕೈಗಿಟ್ಟಳು. ತಾನು ಬರಲು ಇನ್ನೂ ಐದು ವಾರ ಇದೆ, ಆದರೆ ಇದು ಈಗಲೇ ನಿಮ್ಮ ಜೊತೆ ಬರಲಿ, "ನಂದೂ ಪರಸ್ಥಾನ, ಅಜ್ಜಿ" ಎಂದಳು. ಗಂಟು ಇಡುವುದು ಹೊರಡುವ ಊರಿನಲ್ಲಿ, ಮುಟ್ಟುವ ಊರಿನಲ್ಲಲ್ಲ ಎಂದು ತಿದ್ದಲು ನಾನು ಬಾಯಿ ತೆರೆದೆ. ಅವ್ವ ನನ್ನ ಕಾಲು ತುಳಿದಳು. ಮೊಮ್ಮಗಳು ಕೊಟ್ಟ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಬೆಟ್ಟ ಇಳಿದಳು.

ಮನೆಗೆ ಬಂದ ಎರಡನೇ ದಿನಕ್ಕೆ ವಾಸನೆ ಶುರುವಾಯಿತು. ಫೋನು ಮಾಡಿ ಕೇಳಿದರೆ, ಹೊಳೆಯಲ್ಲಿ ಹಾಕಿಕೊಳ್ಳುತ್ತಿದ್ದ ಬಟ್ಟೆ, ಸಾಕ್ಸು, ಅಲ್ಲಿಯ ವಾಷಿಂಗ್ ಮಷೀನು ಕೆಟ್ಟಿದೆ, ಒಗೆದುಬಿಡಿ ಎಂದಳು. ಹೆಂಡತಿ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅವ್ವ ಅಡ್ಡ ನಿಂತಳು. ಹೊರಟವರು ಬಂದು ಮುಟ್ಟುವ ತನಕ ಪರಸ್ಥಾನದ ಗಂಟು ಬಿಚ್ಚುವಂತಿಲ್ಲ. ಚೀಲ ದೇವರ ಕೋಣೆಯ ಪಕ್ಕದಲ್ಲೇ ಉಳಿಯಿತು. ಈ ಸಲ ಅದಕ್ಕೆ ನನ್ನ ಶೀಟಿನಲ್ಲಿ ಒಂದು ಸಾಲು ಹಾಕಿದೆ.

ಮೂರನೇ ವಾರ ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಬಂದ. ಬಾಗಿಲಲ್ಲೇ ನಿಂತು, ಮೂಗು ಹಿಡಿದು, ಮನೆಯೊಳಗೆ ಏನಾದರೂ ಸತ್ತಿದೆಯೇ ಎಂದು ಮೆಲ್ಲಗೆ ಕೇಳಿದ. ಮೂರನೇ ಷರತ್ತು ಆ ಊರಿಗೆ ಮಾತ್ರ, ಇಲ್ಲಿಗಲ್ಲ. ನಾನು ಎದೆಯುಬ್ಬಿಸಿ ಹೇಳಿದೆ: "ಇಲ್ಲ, ನನ್ನ ಮಗಳು ಹೊರಟಿದ್ದಾಳೆ."