ಎರಡೂ ಮುಕ್ಕಾಲು ಗಂಟೆಯ ದೆಹಲಿ

ದೆಹಲಿ ಎಷ್ಟು ದೂರ ಎಂಬ ವಿಷಯದಲ್ಲಿ ಚಳ್ಳಕೆರೆಯ ನನ್ನ ಟಿಕೆಟ್ ಅಂಗಡಿಯಲ್ಲಿ ಕಳೆದ ತಿಂಗಳು ತೀವ್ರ ಭಿನ್ನಾಭಿಪ್ರಾಯ ಉಂಟಾಗಿ, ಒಂದು ಟೀ ತಣ್ಣಗಾಯಿತು. ಬೇರೆ ಹಾನಿ ವರದಿಯಾಗಿಲ್ಲ. ವಿಮಾನದ ಟಿಕೆಟ್ ಮಾಡಿಕೊಡುವವನಿಗೆ ಇಂಥದ್ದು ಹೊಸತೇನಲ್ಲ.

ಅಳತೆ

ಟೀ ಮೊಳಕಾಲ್ಮೂರಿನ ಒಬ್ಬ ಹಿರಿಯ ನೇಕಾರರದು. ದೆಹಲಿಯಲ್ಲಿ ಅವರ ತಂಗಿಯ ಮಗಳ ಮದುವೆ. ಮುಹೂರ್ತಕ್ಕೆ ಉಡುವ ರೇಷ್ಮೆ ಸೀರೆ ಸೋದರಮಾವನ ಮಗ್ಗದಿಂದಲೇ ಬರಬೇಕು.

"ದಿಲ್ಲಿ ಎಷ್ಟು ದೂರ ಐತ್ರಿ?"

"ಬೆಂಗಳೂರಿಂದ ಸಾವಿರದ ಏಳುನೂರು ಕಿಲೋಮೀಟರ್. ವಿಮಾನದಲ್ಲಿ ಎರಡೂ ಮುಕ್ಕಾಲು ಗಂಟೆ."

ಅವರು ನನ್ನನ್ನೇ ನೋಡಿದರು. "ಅಷ್ಟೊತ್ತಲ್ಲಿ ನಾನು ಸೆರಗು ಅರ್ಧ ಮೊಳ ನೇಯಲ್ಲ. ಬಸ್ಸು ಮೊಳಕಾಲ್ಮೂರಿಂದ ಇಲ್ಲಿಗೆ ಬರಕ್ಕೇ ಒಂದೂವರೆ ಗಂಟೆ ತಗೊಂಡೈತೆ."

"ದಾರೀಲಿ ತಳಕಲ್ಲಿ ಡ್ರೈವರ್ ಟೀಗೆ ಇಳಿದಿರ್ತಾನೆ, ಯಜಮಾನ್ರೇ. ವಿಮಾನದಲ್ಲಿ ಟೀ ಮೇಲೇ ಕೊಡ್ತಾರೆ."

"ಹಂಗನ್ರಿ ಮತ್ತೆ," ಎಂದರು. ಅನುಮಾನ ಪೂರ್ತಿ ಪರಿಹಾರವಾಯಿತು.

ದಾರಿ

ಜೊತೆಗೆ ಬಂದಿದ್ದ ಅವರ ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಅಣ್ಣಾ, ನಮ್ಮೂರಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ?"

"ಏಳು ಗಂಟೆ ಹಿಡೀತದಮ್ಮ. ಹೋದ ಮೇಲೆ ಇನ್ನೂ ಎರಡು ಗಂಟೆ ಅಲ್ಲೇ ಕೂರಬೇಕು."

"ಅಂದ್ರೆ ದಿಲ್ಲಿ ಹತ್ರಾನೇ ಐತೆ. ಬೆಂಗಳೂರೇ ದೂರ." ಗಂಡನ ಕಡೆ ತಿರುಗಿದರು. "ಬೆಂಗಳೂರಿಗೆ ಯಾಕೆ ಹೋಗ್ಬೇಕು? ಸೀದಾ ದಿಲ್ಲಿಗೇ ಹೋಗಾನ."

ನನ್ನ ಕಂಪ್ಯೂಟರ್‌ಗೆ ಬೆಂಗಳೂರಿನ ದಾರಿಯೊಂದೇ ಗೊತ್ತು. ಮಧ್ಯಾಹ್ನ ಎರಡೂವರೆಯ ವಿಮಾನಕ್ಕೆ ಎರಡು ಸೀಟು ಮಾಡಿದೆ. ಮರುದಿನ ಬೆಳಗ್ಗೆ ಮುಹೂರ್ತ.

ಮಗ್ಗ

ಹೊರಡಲು ಎರಡು ದಿನ ಇರುವಾಗ ಸಂಜೆ ನೇಕಾರರ ಫೋನು.

"ಸಾರ್, ಕರೆಂಟ್ ಹೋಗೈತೆ, ಕತ್ಲಲ್ಲಿ ಎಳೆ ಕಾಣಲ್ಲ. ಸೆರಗು ಅರ್ಧ ಮೊಳ ಬಾಕಿ. ನಾಳೆ ಅಮಾವಾಸ್ಯೆ, ಮಗ್ಗ ಮುಟ್ಟಂಗಿಲ್ಲ."

"ನಾಡಿದ್ದು ಬೆಳಗ್ಗೆ?"

"ಐದಕ್ಕೇ ಬಸ್ಸು ಅಂದ್ರಲ್ಲ. ಒಂದ್ ಕೆಲ್ಸ ಮಾಡ್ರಿ. ವಿಮಾನದೋರಿಗೆ ಫೋನ್ ಹಚ್ಚಿ ಮೂರು ಗಂಟೆ ನಿಲ್ಲಿಸ್ಕೊಳ್ಳಿ ಅನ್ರಿ. ಐದಕ್ಕೆ ಕೂತ್ರೆ ಎಂಟಕ್ಕೆ ಮುಗಿಸಿ ಬಸ್ಸು ಹತ್ತತೀನಿ."

"ಯಜಮಾನ್ರೇ, ಅದು ವಿಮಾನ. ಯಾರಿಗೋಸ್ಕರನೂ ಒಂದು ನಿಮಿಷ ಕಾಯಲ್ಲ," ಎಂದೆ. ವಿಮಾನ ನನ್ನದೇ ಎಂಬಷ್ಟು ಹೆಮ್ಮೆಯಿಂದ ಹೇಳಿದ್ದೆ ಎಂದು ಈಗ ಅನಿಸುತ್ತದೆ.

ನೇಕಾರರು, "ಸೆರಗು ಹೆಂಗಿದ್ರೂ ಬೆನ್ನ ಹಿಂದೆ ಇರತೈತೆ ಬಿಡ್ರಿ," ಎಂದು, ನೆಯ್ದಷ್ಟಕ್ಕೇ ಸೀರೆ ಕತ್ತರಿಸಿದರು. ಅಷ್ಟು ವರ್ಷದ ಕಸುಬಿನಲ್ಲಿ ಅಳತೆ ತಪ್ಪಿಸಿದ್ದು ಅದೇ ಮೊದಲಂತೆ. ಹೆಂಡತಿ ಫೋನ್ ಕಸಿದುಕೊಂಡು ನನಗೆ ತಿಳಿಸಿದರು.

ನಿಲ್ದಾಣ

ಹೊರಟ ದಿನ ಮಧ್ಯಾಹ್ನ ಮತ್ತೆ ಫೋನು. ಹೇಳಿದ ಹೊತ್ತಿಗೆ ನಿಲ್ದಾಣ ಮುಟ್ಟಿದ್ದರು, ಸೀರೆ ತೊಡೆ ಮೇಲಿತ್ತು.

"ಸಾರ್, ವಿಮಾನ ಮೂರು ಗಂಟೆ ತಡ ಅಂತ ಬೋರ್ಡ್ ಹಾಕ್ಯಾರೆ."

ನಾನು ಕಂಪ್ಯೂಟರ್‌ನಲ್ಲಿ ನೋಡಿದೆ, ತಡ ನಿಜವೇ.

"ವಿಮಾನದೋರನ್ನ ಒಂದೇ ಒಂದು ಮಾತು ಕೇಳಿ ಹೇಳ್ರಿ," ಎಂದರು ನೇಕಾರರು, ಸಿಟ್ಟಿಲ್ಲದೆ. "ಅದು ಯಾರಿಗೆ ಕಾಯ್ತಾ ಐತೆ?"

ಸೀರೆ ಮುಹೂರ್ತಕ್ಕೆ ಮುಟ್ಟಿತು. ಸೆರಗು ಅರ್ಧ ಮೊಳ ಕಡಿಮೆ ಇದೆ.