ಮಡಿಲಕ್ಕಿ ಕಟ್ಟಿಸಿಕೊಂಡು ಬಿಟ್ಟ ಕೆಲಸ

ಹುಡುಗನನ್ನು ಒಪ್ಪುವ ಮುಂಚೆ ನಮ್ಮ ಕಡೆ ನಾಲ್ಕು ಊರಲ್ಲಿ ವಿಚಾರಿಸುತ್ತಾರೆ. ಎಮ್ಮೆ ಕೊಳ್ಳುವ ಮುಂಚೆ ಹಾಲು ಕರೆದು ನೋಡುತ್ತಾರೆ. ಕೆಲಸಕ್ಕೆ ಸೇರುವಾಗ ಮಾತ್ರ ಯಾರೂ ಏನೂ ವಿಚಾರಿಸುವುದಿಲ್ಲ. ಸಿಕ್ಕಿತಲ್ಲ, ಸೇರು ಅಂದುಬಿಡುತ್ತಾರೆ. ವಿಚಾರಣೆಯೆಲ್ಲ ಶುರುವಾಗುವುದು ಬಿಡುತ್ತೇನೆ ಎಂದಾಗ. ನಾನು ವಿಜಯಪುರದ, ಅಂದರೆ ಉತ್ತರದ ಜಿಲ್ಲೆಯದಲ್ಲ, ನಮ್ಮ ರಾಗಿ ಸೀಮೆಯ ಪುಟ್ಟ ವಿಜಯಪುರದ, ಒಂದು ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷ ಸಮಾಜ ವಿಜ್ಞಾನದ ಮಿಸ್ ಆಗಿದ್ದವಳು. ಸೇರಿದ್ದಕ್ಕೆ ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಮದುವೆಯಾದ ಹೊಸದರಲ್ಲಿ ಆ ಶಾಲೆ ಮನೆಗೆ ಹತ್ತಿರವಿತ್ತು, ಅಷ್ಟೇ. ಆ ಜಾಗದಲ್ಲಿ ಹಿಟ್ಟಿನ ಗಿರಣಿ ಇದ್ದಿದ್ದರೆ ಈ ಹೊತ್ತಿಗೆ ಊರಿನ ರಾಗಿಯನ್ನೆಲ್ಲ ನಾನೇ ಬೀಸಿ ಹಾಕಿರುತ್ತಿದ್ದೆ.

ಪಾಠದ ಮೇಲೆ ನನಗೆ ಕೋಪವೇನಿರಲಿಲ್ಲ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಸರಿಯಾಗಿ ಹರಪ್ಪದ ಒಳಚರಂಡಿ ವ್ಯವಸ್ಥೆ ಬರುತ್ತದೆ. ಹದಿನೆಂಟು ಸಲ ಅದನ್ನು ಬಾಯಿತುಂಬ ಹೊಗಳಿದ್ದೇನೆ. ಹದಿನೆಂಟು ಸಲವೂ ಸೀರೆ ಎತ್ತಿ ಹಿಡಿದು ನಮ್ಮ ಬೀದಿಯ ಚರಂಡಿ ನೀರು ದಾಟಿಕೊಂಡು ಮನೆಗೆ ಬಂದಿದ್ದೇನೆ. ಕಳೆದ ವರ್ಷ ಒಬ್ಬಳು ಹುಡುಗಿ ಎದ್ದು, "ಮಿಸ್, ನಾವೂ ಅಲ್ಲಿಗೇ ಹೋಗ್ಬಿಡಣ್ವಾ?" ಎಂದಳು. ಗದರಿಸಬೇಕಿತ್ತು. ಬದಲಿಗೆ ನಗು ಬಂತು, ಅದೂ ಕಪ್ಪುಹಲಗೆ ಹಿಡಿದುಕೊಂಡು ನಗುವಷ್ಟು. ನನ್ನೊಳಗಿನ ಮಿಸ್ ಸಡಿಲವಾಗುತ್ತಿದ್ದಾಳೆ ಎಂಬ ಅನುಮಾನ ಬಂದದ್ದು ಆವತ್ತೇ.

ಇಂಥ ಸಮಯದಲ್ಲಿ ಪಕ್ಕದ ಮನೆಯ ಲಲಿತಮ್ಮ ಕಾರು ಕಲಿಯಲು ಹೊರಟರು. ನಾನು ಆರು ವರ್ಷದ ಹಿಂದೆಯೇ ನಂಜುಂಡಪ್ಪನವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಓಡಿಸುತ್ತಿದ್ದವಳಾದ್ದರಿಂದ, "ನೀನೂ ಬಾರೇ, ಧೈರ್ಯಕ್ಕೆ" ಎಂದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ನಮ್ಮ ತಾಲ್ಲೂಕಿನಲ್ಲಿ ಕಾರು ಕಲಿಯುವವರಿಗೆ ಜಾಗದ ಬರವಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ದ್ರಾಕ್ಷಿ ತೋಟವಿದ್ದ ಕಡೆಯೆಲ್ಲ ಲೇಔಟ್ ಎದ್ದಿವೆ. ಟಾರು ರಸ್ತೆ ಇದೆ, ದೀಪದ ಕಂಬವಿದೆ, ಮನೆ ಮಾತ್ರ ಒಂದೂ ಇಲ್ಲ. ನಂಜುಂಡಪ್ಪ ದೇವರಂಥ ಮನುಷ್ಯ, ಆದರೆ ಕಾರಿನೊಳಗೆ ಕೂತರೆ ಗಂಟಲು ಮೈಕಾಗುತ್ತದೆ. ಲಲಿತಮ್ಮ ಏಳನೇ ಸಲ ಗಾಡಿ ಆಫ್ ಮಾಡಿದಾಗ, "ಕ್ಲಚ್ಚು, ಕ್ಲಚ್ಚು! ಏನಮ್ಮಾ, ಕಾಲೈತೋ ಇಲ್ವೋ?" ಎಂದು ಕೂಗಿದರು. ಲಲಿತಮ್ಮ ಅಳಲು ಶುರುಮಾಡಿದರು.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಲಲಿತಕ್ಕಾ, ಮಲ್ಗಿರೋ ಮಗು ತಲೆ ಕೆಳಗಿಂದ ತೋಳು ತೆಗೀತೀವಲ್ಲ, ಎಚ್ಚರ ಆಗ್ದಂಗೆ? ಎಡಗಾಲು ಹಂಗೇ ತೆಗೀರಿ," ಎಂದೆ. ಕಾರು ಒಂದು ಕುಲುಕೂ ಇಲ್ಲದೆ ಹೊರಟಿತು! ಲಲಿತಮ್ಮ ಅಳುತ್ತಲೇ ನಗತೊಡಗಿದರು. ನಾನು ಚಪ್ಪಾಳೆ ತಟ್ಟಿದೆ. ಹದಿನೆಂಟು ವರ್ಷದಲ್ಲಿ ಒಬ್ಬರಿಗೆ ಏನೋ ಕಲಿಸಿ ಅದು ನನ್ನ ಕಣ್ಣೆದುರಿಗೇ ಚಲಿಸಿದ್ದು ಅದೇ ಮೊದಲು. ಎಷ್ಟು ಖುಷಿಯಾಯಿತೆಂದರೆ ಮನೆಗೆ ಬಂದವಳು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮಾರನೆಯ ದಿನ ನಂಜುಂಡಪ್ಪ ಮನೆ ಬಾಗಿಲಿಗೇ ಬಂದರು. "ಮೇಡಂ, ಹೆಂಗಸ್ರು ಸೇರ್ತಾರೆ, ನಾಕ್ ದಿನಕ್ಕೆ ಓಡೋಗ್ತಾರೆ. ನನ್ ಗಂಟ್ಲು ನಂಗೇ ಗೊತ್ತು. ನೀವು ಬಂದ್ಬಿಡಿ, ಹೆಂಗಸ್ರ ಬ್ಯಾಚು ಪೂರ್ತಿ ನಿಮ್ದೇ. ಬೇಸಿಗೆ ರಜಾ ಬರೋದ್ರೊಳಗೆ ಒಂದ್ ಮಾತ್ ಹೇಳ್ಬಿಡಿ," ಎಂದು ಕಾಫಿ ಕುಡಿದು ಹೋದರು.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಹಾಳೆಯ ನಡುವೆ ಗೆರೆ ಎಳೆದು, ಬಿಟ್ಟರೆ ಲಾಭವೇನು, ನಷ್ಟವೇನು ಎಂದು ಬರೆಯಲು ಕೂತೆ. ಬರೆದದ್ದನ್ನು ತಿದ್ದಲು ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಕೊನೆಗೆ ನನ್ನ ಯೋಚನೆಗೆ ನಾನೇ ಇಪ್ಪತ್ತೈದಕ್ಕೆ ಹದಿನಾಲ್ಕು ಅಂಕ ಕೊಟ್ಟು, 'ಅಕ್ಷರ ದುಂಡಾಗಿರಲಿ' ಎಂದು ಷರಾ ಬರೆದಿದ್ದೆ. ಯಜಮಾನರನ್ನು ಕೇಳಿದೆ. "ನಿನ್ನಿಷ್ಟ ಕಣೇ," ಎಂದವರು, ಸ್ವಲ್ಪ ಹೊತ್ತು ಬಿಟ್ಟು, "ಕಲಿಯೋರ ಕೈಗೆ ನಮ್ ಕಾರ್ ಮಾತ್ರ ಕೊಡ್ಬೇಡ," ಎಂದು ಸೇರಿಸಿದರು. ಅತ್ತೆಯನ್ನು ಕೇಳಿದರೆ, "ಅಲ್ಲಿ ಹಬ್ಬಕ್ಕೆ ರಜಾ ಕೊಡ್ತಾರಾ?" ಎಂದು ಬುಡಕ್ಕೇ ಕೈಹಾಕಿದರು. ಬೆಳಿಗ್ಗೆ ಬಿಡುತ್ತೇನೆ ಎಂದು ಎದ್ದರೆ ಮಧ್ಯಾಹ್ನದ ಹೊತ್ತಿಗೆ ಬೇಡವೆನಿಸುತ್ತಿತ್ತು. ಮಿಸ್ ಅಲ್ಲದಿದ್ದರೆ ನಾನು ಯಾರು? ಬೀದಿಯಲ್ಲಿ ನಮಸ್ಕಾರ ಹೊಡೆಯುವವರು ಯಾರು? ನಿಜ ಹೇಳುತ್ತೇನೆ, ಹೆದರಿಕೆಯಾಗುತ್ತಿತ್ತು.

ಅದು ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ನಮ್ಮ ಬೀದಿಯ ಹೆಂಗಸರೆಲ್ಲ ಒಂದು ಕಡೆ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರೆ. ಅಲ್ಲಿ ಹಣ್ಣಿನಿಂದ ಬೀಜವೂ ಮನೆಯಿಂದ ಗುಟ್ಟೂ ಒಟ್ಟಿಗೇ ಹೊರಬೀಳುತ್ತವೆ. ನಮ್ಮತ್ತೆ, "ನಮ್ ಸೊಸೆ ಸ್ಕೂಲ್ ಬಿಟ್ಲಂತೆ ಕಣ್ರೇ," ಎಂದು ಎರಡು ಕೆ.ಜಿ. ಮುಗಿಯುವುದರೊಳಗೆ ಹೇಳಿಬಿಟ್ಟರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ ಹಲ್ಲುಜ್ಜುತ್ತಾ ಗಟ್ಟಿ ನಿರ್ಧಾರ ಮಾಡಿದೆ: ಬಿಡುವುದಿಲ್ಲ! ಮನಸ್ಸು ಹಗುರಾಗಿ, ಚಿಗರೆಯಂತೆ ಶಾಲೆಗೆ ಹೋದೆ. ಸ್ಟಾಫ್ ರೂಮಿನ ಬಾಗಿಲು ತೆರೆದರೆ ರಂಗೋಲಿ, ಉಪ್ಪಿಟ್ಟು, ಕೇಸರಿಬಾತು. ನಮ್ಮ ಹೆಡ್ ಮಿಸ್ ಸರಳಾ ಮೇಡಂ ರೇಷ್ಮೆ ಸೀರೆಯುಟ್ಟು ನಿಂತಿದ್ದಾರೆ. ಅವರ ಕನ್ನಡಕ ಕಂಡರೆ ಹದಿನೆಂಟು ವರ್ಷದಿಂದಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ಬನ್ನಿ ಗಿರಿಜಾ. ವಿಷಯ ಎಲ್ಲಾ ಗೊತ್ತಾಯ್ತು. ಹೆಣ್ಣುಮಗಳನ್ನ ಬರಿಗೈಲಿ ಕಳಿಸಬಾರದು, ಸೆರಗು ಹಿಡೀರಿ," ಎಂದರು.

ಮೇಡಂ ಹಿಡೀರಿ ಎಂದರೆ ಹಿಡಿದೇ ಅಭ್ಯಾಸ. "ಮೇಡಂ, ನಾನು..." ಎನ್ನುವಷ್ಟರಲ್ಲಿ ಸೆರಗಿಗೆ ಅಕ್ಕಿ ಬಿತ್ತು. "ಅದು ಹಾಗಲ್ಲ..." ತೆಂಗಿನಕಾಯಿ ಬಿತ್ತು. ಬೆಲ್ಲ, ಎಲೆ ಅಡಿಕೆ, ರವಿಕೆ ಕಣ, ಒಂದರ ಮೇಲೊಂದು. ಮಡಿಲಕ್ಕಿ ಕಟ್ಟಿಸಿಕೊಂಡು 'ನಾನು ಹೋಗುವುದಿಲ್ಲ' ಎಂದ ಹೆಣ್ಣು ನಮ್ಮ ಸೀಮೆಯಲ್ಲಿ ಇದುವರೆಗೆ ಹುಟ್ಟಿಲ್ಲ. ಜೊತೆಗೆ ಕೇಸರಿಬಾತು ಬೇರೆ ತಿಂದಾಗಿತ್ತು. ಎದ್ದು ನಿಂತು ಭಾಷಣ ಮಾಡಿದೆ, ನಾನೂ ಅತ್ತು ಎಲ್ಲರನ್ನೂ ಅಳಿಸಿದೆ. ಒಬ್ಬರಾದರೂ "ಹೋಗ್ಬೇಡಿ" ಎನ್ನಲಿಲ್ಲವಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು. ಮನೆಗೆ ಬಂದು ಆ ಅಕ್ಕಿ ತೊಳೆದು ಸಿಹಿ ಪೊಂಗಲ್ ಮಾಡಿ, ನಂಜುಂಡಪ್ಪನವರಿಗೆ ಫೋನು ಮಾಡಿ, "ಬರ್ತೀನಿ" ಎಂದೆ. ಎಂದ ಕ್ಷಣವೇ ಭಯವೆಲ್ಲ ಎಲ್ಲಿ ಹೋಯಿತೋ! ಅಡುಗೆಮನೆಯಲ್ಲಿ ಸೌಟು ಹಿಡಿದು ಎರಡು ಸುತ್ತು ತಿರುಗಿದ್ದನ್ನು ಅತ್ತೆ ನೋಡಿದರು. ಅದೂ ಬೀದಿಗೆ ತಲುಪಿರುತ್ತದೆ.

ಮೊದಲ ದಿನ ಲೇಔಟಿನಲ್ಲಿ ಕಾರು ನಿಲ್ಲಿಸಿಕೊಂಡು ಮೊದಲ ಶಿಷ್ಯೆಗಾಗಿ ಕಾಯುತ್ತಿದ್ದೆ. ಆಟೋದಿಂದ ಇಳಿದವರು ಸರಳಾ ಮೇಡಂ! ಕೈಯಲ್ಲಿ ಹೊಸ ನೋಟ್‌ಬುಕ್ಕು, ಪೆನ್ನು. "ಆ ನಂಜುಂಡಪ್ಪನ ಕೂಗಿಗೆ ಹೆದರಿ ಎರಡು ಸಲ ಬಿಟ್ಟೋಗಿದ್ದೆ ಕಣ್ರೀ. ನೀವು ಬಿಡ್ತೀರೋ ಇಲ್ವೋ ಅಂತ ಒದ್ದಾಡ್ತಾ ಇದ್ರೆ ನಾನು ಕಲಿಯೋದು ಯಾವಾಗ? ಅದಕ್ಕೇ ಅವತ್ತು ಮಡಿಲು ತುಂಬಿಬಿಟ್ಟೆ," ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಕಾರು ಹತ್ತಿದರು. ಹದಿನೆಂಟು ವರ್ಷ ಹೆದರಿ ನಡೆದವಳ ಕಾಲ ಕೆಳಗೆ ಈಗ ಕಲಿಸುವವರಿಗೆಂದೇ ಇಟ್ಟ ಎರಡನೇ ಬ್ರೇಕು. ಮಲಗಿದ ಮಗುವಿನ ಉಪಮೆಯನ್ನು ಹೇಳಿದೆ, ಬರೆದುಕೊಂಡರು. ಆದರೆ ಕಾರು ಹೊರಟದ್ದೇ ತಡ, ಮೇಡಂ ರಸ್ತೆ ಬಿಟ್ಟು ನನ್ನ ಮುಖ ನೋಡುತ್ತಾ ಶಾಲೆಯ ಸುದ್ದಿ ಶುರುಮಾಡಿದರು. "ಮುಂದೆ ನೋಡಿ ಮೇಡಂ," ಎಂದೆ. ನೋಡಲಿಲ್ಲ. ಜಲ್ಲಿ ರಾಶಿಯ ಮೇಲೆ ಅರ್ಧ ಹತ್ತಿಸಿದರು. ಬ್ರೇಕು ಒತ್ತಿ ಕೂತೆ. ಆಗ ಕೇಳಿಸಿತು ನನ್ನದೇ ದನಿ, ಒಂಬತ್ತನೇ ತರಗತಿ ಬಿ ಸೆಕ್ಷನ್ನಿಗೆ ಮೀಸಲಾಗಿದ್ದ ದನಿ:

"ಗಮನ ಎಲ್ಲಿದೆ ನಿಮ್ದು? ಹಿಂಗಾದ್ರೆ ಆಗಲ್ಲ. ನಾಳೆ ಬರೋವಾಗ ಮನೆಯಿಂದ ದೊಡ್ಡೋರು ಯಾರನ್ನಾದ್ರೂ ಕರ್ಕೊಂಡ್ ಬನ್ನಿ, ಮಾತಾಡ್ಬೇಕು."

ಸರಳಾ ಮೇಡಂ ನೋಟ್‌ಬುಕ್ ಮುಚ್ಚಿ, ತಲೆ ತಗ್ಗಿಸಿ, "ಆಯ್ತು ಮಿಸ್," ಎಂದರು.