ಬದುಕಿದ್ದರೆ ಒಂದು ಮಿಸ್ಡ್ ಕಾಲ್

ನಮ್ಮ ಮಾಜಿ ಸೈನಿಕರ ಸಂಘದಲ್ಲಿ ನಗೆಪಾಟಲಿಗೆ ಬರ ಎಂಬುದು ಬಂದದ್ದೇ ಇಲ್ಲ. ಸೈನ್ಯದಲ್ಲಿದ್ದವರು ಎಂದರೆ ಬಹಳ ಗಂಭೀರ ಜನ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ನಿಜ. ಎಲ್ಲವನ್ನೂ ಗಂಭೀರವಾಗಿ ಮಾಡಲು ಹೋಗುವುದರಿಂದಲೇ ನಮ್ಮಲ್ಲಿ ಹೀಗೆಲ್ಲ ಆಗುತ್ತಿರುತ್ತದೆ.

ನಾನು ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತೆಯ ಕೆಲಸ ಮಾಡಿ ಸುಬೇದಾರನಾಗಿ ನಿವೃತ್ತನಾದವನು. ಮನೆ ಅತ್ತಿಗುಪ್ಪೆಯಲ್ಲಿ. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಮಾಡುವುದು ರೇಡಿಯೊ ಮತ್ತು ಕುಕ್ಕರ್ ಮಾತ್ರ. ಭಾನುವಾರ ವಿಜಯನಗರದ ಸಂಘದ ಕೊಠಡಿಗೆ ಹೋದರೆ ಇಡೀ ವಾರದ ಮಾತನ್ನು ಅಲ್ಲೇ ಆಡಿ ಮುಗಿಸಿ ಬರಬೇಕು. ಪಿಂಚಣಿಯ ಕಾಗದ ಸರಿಮಾಡಿಸುವುದು, ಆಸ್ಪತ್ರೆ ಸೇರಿದವರನ್ನು ನೋಡಿಬರುವುದು, ತೀರಿಕೊಂಡವರ ಮನೆಯವರಿಗೆ ನೆರವಾಗುವುದು, ಇವು ಸಂಘದ ಕೆಲಸ. ನಾನು ಕಾರ್ಯದರ್ಶಿ. ಆದರೆ ವರ್ಷವರ್ಷವೂ ನಾಲ್ಕೈದು ಕುರ್ಚಿ ಖಾಲಿಯಾಗುತ್ತಿದ್ದವು. "ಹುಡುಗರು ಬಂದು ಕೈಹಚ್ಚದಿದ್ದರೆ ಬಾಗಿಲು ಹಾಕೋದೇ" ಎಂದು ಅಧ್ಯಕ್ಷರು ಹೇಳಿದ ದಿನ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸಂಘ ಮುಚ್ಚಿದರೆ ದೇಶಕ್ಕೆ ನಷ್ಟವೇನೂ ಇಲ್ಲ. ನನಗೆ ಮಾತ್ರ ಭಾನುವಾರವೂ ಸೋಮವಾರದ ಹಾಗೇ ಆಗಿಬಿಡುತ್ತಿತ್ತು.

೧. ಅಗುಳಿ

ಅಧ್ಯಕ್ಷರು ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದವರು. ನಾವೆಲ್ಲ ಕ್ಯಾಪ್ಟನ್ ಸಾಹೇಬರು ಎನ್ನುತ್ತೇವೆ. ಅವರ ಅಪ್ಪಣೆಯಂತೆ ನಾನು ಕಾಲೇಜುಗಳ ಮುಂದೆ, ಬಸ್ ಸ್ಟಾಂಡಿನಲ್ಲಿ ಚೀಟಿ ಅಂಟಿಸಿ ಬಂದೆ. "ದೇಶಪ್ರೇಮಿ ಯುವಜನರೇ ಬನ್ನಿ, ಭಾನುವಾರ ಹತ್ತು ಗಂಟೆಗೆ."

ನಮ್ಮಲ್ಲಿ ಹತ್ತು ಗಂಟೆ ಎಂದರೆ ಒಂಬತ್ತೂ ಮುಕ್ಕಾಲಿಗೆ ಎಲ್ಲರೂ ಕೂತಿರಬೇಕು. ಹತ್ತಕ್ಕೆ ಸರಿಯಾಗಿ ಬಾಗಿಲ ಅಗುಳಿ ಬೀಳುತ್ತದೆ. ಆಮೇಲೆ ದೇವರೇ ಬಂದರೂ ಮುಂದಿನ ಭಾನುವಾರವೇ. ಆ ದಿನ ಹತ್ತು ಹೊಡೆಯಿತು, ಯುವಜನ ಬರಲಿಲ್ಲ, ಅಗುಳಿ ಹಾಕಿದೆವು. ಕ್ಯಾಪ್ಟನ್ ಸಾಹೇಬರು ಈಗಿನ ಯುವಕರಲ್ಲಿ ದೇಶಭಕ್ತಿ ಎಲ್ಲಿದೆ ಎಂದು ಭಾಷಣ ಶುರುಮಾಡಿದರು. ಹತ್ತೂ ಇಪ್ಪತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ನಾನು ಎದ್ದೆ.

"ಕೂತ್ಕೊಳ್ಳಿ. ತಡವಾಗಿ ಬಂದೋರಿಗೆ ಪ್ರವೇಶ ಇಲ್ಲ" ಎಂದರು ಸಾಹೇಬರು.

ಮತ್ತೆ ತಟ್ಟಿದರು. ಸಾಹೇಬರು ದನಿ ಇನ್ನಷ್ಟು ಏರಿಸಿ ಭಾಷಣ ಮುಂದುವರಿಸಿದರು. ಯುವಕರು ಬರುತ್ತಿಲ್ಲ ಎಂದು ನಾವು ಒಳಗೆ ಮುಕ್ಕಾಲು ಗಂಟೆ ಕೊರಗಿದೆವು, ಆರು ಜನ ಯುವಕರು ಹೊರಗೆ ಬಾಗಿಲು ತಟ್ಟಿ ತಟ್ಟಿ ಹೊರಟುಹೋದರು.

ಹನ್ನೊಂದಕ್ಕೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಬ್ಬಳೇ ಹುಡುಗಿ ಕೂತಿದ್ದಳು. ಬಸವೇಶ್ವರನಗರದವಳು, ಬಿ.ಕಾಂ. ಕೊನೆಯ ವರ್ಷ. ನನಗೆ ಕಣ್ಣು ತುಂಬಿ ಬಂತು. "ಅಷ್ಟು ಹೊತ್ತು ಕಾದ್ಯಾ ತಾಯಿ? ಇದಪ್ಪಾ ಶ್ರದ್ಧೆ ಅಂದ್ರೆ" ಎಂದೆ.

"ಅದಲ್ಲ ಸಾರ್. ನನ್ನ ಸ್ಕೂಟಿಗೆ ಅಡ್ಡ ಯಾರೋ ಹಳೇ ಸ್ಕೂಟರ್ ನಿಲ್ಸಿಬಿಟ್ಟಿದಾರೆ. ಯಾವ್ದು ಅಂತ ಗೊತ್ತಾದ್ರೆ ತೆಗ್ಸಿ, ನಾನು ಹೋಗ್ತೀನಿ."

ಸ್ಕೂಟರ್ ನನ್ನದೇ. ಅದನ್ನು ತೆಗೆಯುವ ಮೊದಲು ಅರ್ಜಿ ತುಂಬಿಸಿಕೊಂಡೆ.

೨. ಭೂಮಿ, ನೀರು, ಆಕಾಶ

ಆ ಅರ್ಜಿಯನ್ನು ಬರೆದವನೂ ನಾನೇ. ಸೈನ್ಯಕ್ಕೆ ಸೇರುವಾಗ ತುಂಬಿಸುವ ಕಾಗದವನ್ನು ಇಪ್ಪತ್ತೆಂಟು ವರ್ಷ ಟೈಪು ಮಾಡಿದ ಕೈ. ಬೇರೆ ಥರ ಬರೆ ಎಂದರೆ ಅದಕ್ಕೆ ಬರುವುದಿಲ್ಲ. ಎದೆಯ ಸುತ್ತಳತೆ, ಉಸಿರು ಎಳೆದಾಗ ಎಷ್ಟು, ಬಿಟ್ಟಾಗ ಎಷ್ಟು ಎಂಬುದೂ ಅದರಲ್ಲಿತ್ತು. ಹುಡುಗಿಯ ಮುಂದೆ ಅದನ್ನು ನಾಚಿಕೆಯಿಂದ ಪೆನ್ನಿನಲ್ಲಿ ಹೊಡೆದುಹಾಕಿದೆ. ಕೊನೆಯ ಪ್ರಶ್ನೆಯನ್ನು ಮರೆತುಬಿಟ್ಟೆ. "ಭೂಮಿ, ನೀರು, ಆಕಾಶ ಯಾವ ಮಾರ್ಗವಾಗಿಯಾದರೂ, ಆದೇಶ ಬಂದ ಕಡೆಗೆ ಹೋಗಲು ಸಿದ್ಧರಿದ್ದೀರಾ?"

ಅವಳು ಪೆನ್ನು ಕಚ್ಚಿಕೊಂಡು ಯೋಚಿಸಿ ಬರೆದ ಉತ್ತರ ಈಗಲೂ ಸಂಘದ ಕಡತದಲ್ಲಿದೆ: "ಕೆಂಗೇರಿವರೆಗೆ ಓಕೆ. ಅದರಾಚೆ ಅಪ್ಪನ್ನ ಕೇಳಬೇಕು."

೩. ಯುದ್ಧಕಾಲದ ಬೇಳೆ

ಅವಳ ಹಿಂದೆ ಇನ್ನೂ ಕೆಲವರು ಬಂದರು. ಅವರಲ್ಲಿ ಒಬ್ಬ ಬಾಗಲಕೋಟೆ ಕಡೆಯವನು, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಲಗ್ಗೆರೆಯಲ್ಲಿ ಮೂವರ ಜೊತೆ ಒಂದು ರೂಮು. ಇಷ್ಟು ದೊಡ್ಡ ಊರಿನಲ್ಲಿ ತನ್ನನ್ನು ಉಂಡ್ಯಾ ಎಂದು ಕೇಳುವವರಿಲ್ಲ ಎಂದು ಅವನು ಒಮ್ಮೆ ಹೇಳಿದಾಗ, ನಮ್ಮಿಬ್ಬರದೂ ಒಂದೇ ಕಾಯಿಲೆ ಎಂದು ನನಗನ್ನಿಸಿತು.

ಹಿರಿಯರ ಯುದ್ಧದ ಅನುಭವ ಬರೆದಿಡುವ ಕೆಲಸ ಅವನಿಗೆ ಬಿತ್ತು. ಮೊದಲು ಹೋದದ್ದು ಶ್ರೀಗಂಧದ ಕಾವಲ್‌ನಲ್ಲಿರುವ ನಮ್ಮ ಹವಾಲ್ದಾರರ ಮನೆಗೆ. ಅವರು ಸೈನ್ಯದಲ್ಲಿ ಅಡುಗೆಯವರು, ಕ್ಯಾಪ್ಟನ್ ಸಾಹೇಬರು ಇದ್ದ ಪಡೆಯಲ್ಲೇ ಇದ್ದವರು. "ನಾನು ಸೌಟು ಹಿಡಿದೋನು ಕಣಪ್ಪ, ನನ್ನ ಹತ್ರ ಕಥೆ ಏನಿರುತ್ತೆ" ಎಂದು ಎರಡು ಸಲ ವಾಪಸು ಕಳಿಸಿದರಂತೆ. ಮೂರನೆಯ ಸಲ ಬಾಯಿಬಿಟ್ಟರು. ಹುಡುಗ ಅದನ್ನು ಭಾನುವಾರದ ಸಭೆಯಲ್ಲಿ ಎದ್ದುನಿಂತು ಓದಿದ.

"ಒಂದಿನ ಶೆಲ್ ಬಂದು ಅಡಿಗಿ ಟೆಂಟಿನ ಬಾಜೂನ ಬಿತ್ತಂತ್ರಿ. ಯಾರಿಗೂ ಏನೂ ಆಗ್ಲಿಲ್ಲ. ಆದ್ರ ಮಣ್ಣೆಲ್ಲಾ ಹಾರಿ ಬ್ಯಾಳಿ ಹಂಡೇದಾಗ ಬಿತ್ತಂತ. ನೂರಾ ಇಪ್ಪತ್ತು ಮಂದಿ ಹಸ್ದು ಕುಂತಿದ್ರು. ಚೆಲ್ಲಿದ್ರ ಬ್ಯಾರೆ ಏನೂ ಇಲ್ಲ. ಮ್ಯಾಲಿನ ಕಲ್ಲು ಮಣ್ಣು ಅಷ್ಟ ತಗದು, ಉಳ್ಳಾಗಡ್ಡಿ ಒಗ್ಗರಣಿ ಜೋರ್ ಹಾಕಿ ಬಡ್ಸಿದ್ರಂತ್ರಿ. ಒಬ್ಬ ಸಾಹೇಬ್ರಂತೂ ಇವತ್ತಿನ ಬ್ಯಾಳಿ ಭಾಳ ಗಟ್ಟಿ ಅದ, ದಿನಾ ಹಿಂಗ ಮಾಡು ಅಂತ ಎರಡು ಸಲ ಹಾಕಿಸ್ಕೊಂಡ್ರಂತ."

ಹವಾಲ್ದಾರರು ನೆಲ ನೋಡುತ್ತಿದ್ದರು. ಕ್ಯಾಪ್ಟನ್ ಸಾಹೇಬರು ನಿಧಾನವಾಗಿ ಎದ್ದು ಹೊರಗೆ ಹೋದರು. ಮೂವತ್ತು ವರ್ಷಕ್ಕೂ ಮೀರಿದ ಆ ಊಟಕ್ಕೆ ಅವರು ನಲ್ಲಿಯ ಬಳಿ ಬಾಯಿ ಮುಕ್ಕಳಿಸುವ ಸದ್ದು ನಮಗೆಲ್ಲ ಕೇಳಿಸಿತು.

೪. ಆಲ್ ಓಕೆ

ಆ ಮಳೆಗಾಲದಲ್ಲಿ ರಾಜಾಜಿನಗರದ ನಮ್ಮ ಸದಸ್ಯರೊಬ್ಬರು ತೀರಿಕೊಂಡರು. ಒಬ್ಬರೇ ಇದ್ದರು. ಎರಡು ದಿನದ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿರುವುದನ್ನು ನೋಡಿ ಹಾಲಿನವನೇ ಅಕ್ಕಪಕ್ಕದವರನ್ನು ಕೂಗಿದ. ಚಿತಾಗಾರದಿಂದ ಮನೆಗೆ ಬಂದ ನನಗೆ ಊಟ ಸೇರಲಿಲ್ಲ. ನನ್ನ ಬಾಗಿಲಿಗೂ ದಿನಾ ಹಾಲಿನ ಪ್ಯಾಕೆಟ್ಟೇ ಬರುವುದು.

ಸ್ಕೂಟಿ ಹುಡುಗಿ ಮುಂದಿನ ಸಭೆಯಲ್ಲಿ ಎದ್ದುನಿಂತಳು. ಒಂಟಿಯಾಗಿರುವ ಹನ್ನೊಂದು ಮಂದಿ ಸದಸ್ಯರ ಪಟ್ಟಿ ಮಾಡಿಕೊಂಡು ಬಂದಿದ್ದಳು. ಮೊಬೈಲು ಆಗಷ್ಟೇ ನಮ್ಮ ಸದಸ್ಯರೆಲ್ಲರ ಕೈಗೂ ಬಂದಿತ್ತು.

"ದಿನಾ ಬೆಳಿಗ್ಗೆ ಏಳರೊಳಗೆ ನನ್ನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ ಸಾರ್. ನಾನು ಎತ್ತಲ್ಲ. ಬಂತು ಅಂದ್ರೆ ನೀವು ಚೆನ್ನಾಗಿದೀರ ಅಂತ. ಬರ್ಲಿಲ್ಲ ಅಂದ್ರೆ ನಾವು ಮನೆಗೇ ಬಂದು ನೋಡ್ತೀವಿ."

ಪಟ್ಟಿಯಲ್ಲಿ ತಮ್ಮ ಹೆಸರೂ ಇರುವುದನ್ನು ಕಂಡು ಕ್ಯಾಪ್ಟನ್ ಸಾಹೇಬರು ಕೆರಳಿದರು. "ಬದುಕಿದೀನಿ ಅಂತ ನಾನು ಜೂನಿಯರ್‌ಗೆ ರಿಪೋರ್ಟ್ ಮಾಡ್ಬೇಕಾ?" ಕೊನೆಗೆ ಒಪ್ಪಂದವಾಯಿತು. ಅವರಿಗೆ ಅವಳೇ ಮಿಸ್ಡ್ ಕಾಲ್ ಕೊಡುವುದು, ಅವರು ಅದನ್ನು ಕಟ್ ಮಾಡುವುದು. ಕಟ್ ಆದರೆ ಸಾಹೇಬರು ಇದ್ದಾರೆ.

ತೊಂದರೆಯಾದದ್ದು ನಾಯಕ್ ಹುದ್ದೆಯಲ್ಲಿ ನಿವೃತ್ತರಾದ ಕೆಂಗೇರಿಯ ಸದಸ್ಯರೊಬ್ಬರಿಂದ. ಅವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಜೀವ ಸವೆಸಿದವರು. ಆ ಕಡೆಯಿಂದ ಉತ್ತರ ಬರುವವರೆಗೆ ಸಂದೇಶ ತಲುಪಿಲ್ಲ ಎಂಬುದು ಅವರ ಮೂಳೆಯಲ್ಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಶುರುಮಾಡಿದರೆ ಏಳರೊಳಗೆ ಹುಡುಗಿಯ ಮೊಬೈಲಿನಲ್ಲಿ ಹತ್ತೊಂಬತ್ತು ಮಿಸ್ಡ್ ಕಾಲ್. ಬೇರೆ ದಾರಿಯಿಲ್ಲದೆ ಅವಳು ದಿನಾ ಎತ್ತಿ, ಮನೆಯವರು ಏಳಬಾರದೆಂದು ಹೊದಿಕೆಯೊಳಗಿಂದಲೇ, "ಸರಿ, ಗೊತ್ತಾಯ್ತು, ಇಡಿ" ಎಂದು ಪಿಸುಗುಡತೊಡಗಿದಳು.

ಹೊದಿಕೆಯೊಳಗಿನ ಪಿಸುಮಾತು ಹದಿನೈದು ದಿನಕ್ಕೆ ಅವಳ ತಾಯಿಯ ಕಿವಿಗೆ ಬಿತ್ತು. ಆ ಭಾನುವಾರ, ಮಗಳಿಗೆ ದಿನಾ ಆರು ಗಂಟೆಗೆ ಫೋನ್ ಮಾಡುವ ಹುಡುಗ ಯಾರೆಂದು ವಿಚಾರಿಸಲು ತಂದೆ ನಮ್ಮ ಸಂಘಕ್ಕೇ ಬಂದರು. "ನಾನೇ ಸಾರ್" ಎಂದು ಎಪ್ಪತ್ತೊಂದು ವರ್ಷದ ನಾಯಕ್ ಎದ್ದುನಿಂತು ಸಲ್ಯೂಟ್ ಹೊಡೆದರು. ತಂದೆಗೆ ಬಯ್ಯಲೂ ಆಗಲಿಲ್ಲ, ಹಾಗೇ ಹೋಗಲೂ ಆಗಲಿಲ್ಲ. ಅವರೂ ಒಂದು ಅರ್ಜಿ ತುಂಬಿ ಹೋದರು.

೫. ಹನ್ನೊಂದು ಬಾಗಿಲು

ಮುಂದೆ ನಡೆದದ್ದಕ್ಕೆ ಬೀಜ ಬಿತ್ತಿದವರು ಅಡುಗೆ ಹವಾಲ್ದಾರರು. ಒಂದು ದಿನ ಅವರ ಮೊಬೈಲಿನ ಚಾರ್ಜು ನಿಜವಾಗಿಯೂ ಹೋಗಿತ್ತು. ಏಳೂವರೆಗೆ ಲಗ್ಗೆರೆ ಹುಡುಗ ಏದುಸಿರು ಬಿಡುತ್ತ ಬಂದನಂತೆ. ಬಂದವನು ರೊಟ್ಟಿ ತಿಂದ, ಎರಡು ಲೋಟ ಚಹಾ ಕುಡಿದ, ಊರಿನ ವಿಷಯ ಮಾತಾಡಿದ, ಕೆಟ್ಟಿದ್ದ ಟ್ಯೂಬ್‌ಲೈಟ್ ಸರಿಮಾಡಿಕೊಟ್ಟು ಹೋದ. ಹವಾಲ್ದಾರರು ಇದನ್ನು ಸಭೆಯಲ್ಲಿ ಮಗಳ ಮದುವೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಎಲ್ಲರೂ ಕೇಳಿಸಿಕೊಂಡರು.

ನನಗೆ ವಾರವಿಡೀ ಅದೇ ಯೋಚನೆ. ನನ್ನ ಮನೆಯ ಹೊಸ್ತಿಲು ದಾಟಿ ಯಾರಾದರೂ ಒಳಗೆ ಬಂದು ಎಷ್ಟು ತಿಂಗಳಾಗಿತ್ತೋ ಲೆಕ್ಕ ಸಿಗಲಿಲ್ಲ. ಅವರು ಬರುವುದು ಮಿಸ್ಡ್ ಕಾಲ್ ತಪ್ಪಿದರೆ ಮಾತ್ರ. ನಾನೋ ನಿಯಮದ ಮನುಷ್ಯ, ಆರೂ ಐವತ್ತಕ್ಕೆ ತಪ್ಪದೆ ಕೊಟ್ಟುಬಿಡುತ್ತಿದ್ದೆ.

ಮುಂದಿನ ಭಾನುವಾರ ಕೊಡಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೆಳಿಗ್ಗೆಯೇ ಎದ್ದು ಗಡ್ಡ ಮಾಡಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿದೆ. ಬಾಗಿಲು ಒಡೆಯುವ ಕಷ್ಟ ಅವರಿಗೆ ಬೇಡವೆಂದು ಚಿಲಕ ತೆಗೆದಿಟ್ಟೆ. ಮೂವರಿಗಾಗುವಷ್ಟು ಉಪ್ಪಿಟ್ಟು ಮಾಡಿದೆ. ಕಾಯಿಲೆಯವನ ಹಾಗೆ ಮಲಗುವುದೋ, ಆರೋಗ್ಯವಾಗಿ ಕೂತಿರುವುದೋ ತೀರ್ಮಾನವಾಗದೆ ಎರಡನ್ನೂ ಮಾಡಿ ನೋಡಿದೆ. ಏಳೂವರೆಯಾಯಿತು. ಎಂಟಾಯಿತು. ಒಂಬತ್ತಾಯಿತು. ಯಾರೂ ಇಲ್ಲ. ಸಂಘದ ಸಭೆಗೂ ಹೊರಡುವ ಹಾಗಿಲ್ಲ, ನಾನು ಹೊರಟರೆ ಅವರು ಬಂದಾರು. ಹತ್ತಾಗಿ, ನನ್ನ ಜೀವನದಲ್ಲಿ ಮೊದಲ ಸಲ ಸಭೆ ತಪ್ಪಿತು. ಸಿಟ್ಟು ಬಂತು, ಆಮೇಲೆ ಅಳುವೂ ಬಂತು. ನಾನು ನಿಜವಾಗಿ ಸತ್ತಿದ್ದರೆ? ಈ ಹುಡುಗರಿಗೂ ಸಾಕಾಯಿತೇನೋ, ಬಿಟ್ಟರೇನೋ, ಇನ್ನು ಸಂಘವೂ ಮುಗಿಯಿತು ಎಂದುಕೊಂಡೆ.

ಹತ್ತೂವರೆಗೆ ಇಬ್ಬರೂ ಬಂದರು. ಲಗ್ಗೆರೆ ಹುಡುಗ ಹೊಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತ.

"ಏನಮ್ಮ ಇದು?" ಎಂದು ರೇಗಿದೆ. "ಏಳಕ್ಕೆ ಬರ್ಬೇಕಾದೋರು ಈಗ ಬರ್ತಾ ಇದೀರಲ್ಲ, ನನಗೇನಾದ್ರೂ ಆಗಿದ್ರೆ?"

"ಏಳೂ ಹತ್ತಕ್ಕೇ ಬಂದಿದ್ವಿ ಸಾರ್" ಎಂದಳು ಹುಡುಗಿ. "ನೀವು ಯಾವತ್ತೂ ತಪ್ಪಿಸೋರಲ್ಲ ಅಂತ ಗಾಬರಿಯಾಗಿ ಮೊದಲು ನಿಮ್ಮನೆಗೇ ಬಂದ್ವಿ. ಕಿಟಕೀಲಿ ನೋಡಿದ್ರೆ ನೀವು ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಾ ಇದ್ರಿ. ಇದ್ದಾರೆ ಅಂತ ಗೊತ್ತಾಯ್ತು, ಮುಂದಿನ ಮನೆಗೆ ಹೋದ್ವಿ."

"ಮುಂದಿನ ಮನೆ ಅಂದ್ರೆ?"

"ಇವತ್ತು ಒಬ್ರೂ ಮಿಸ್ಡ್ ಕಾಲ್ ಕೊಟ್ಟಿಲ್ಲ ಸಾರ್. ಹನ್ನೊಂದಕ್ಕೆ ಹನ್ನೊಂದೂ."

"ನೆಟ್‌ವರ್ಕ್ ಇರ್ಲಿಲ್ವೇನೋ" ಎಂದೆ, ಅವಳ ಮುಖ ನೋಡದೆ.

"ನಾವೂ ಹಂಗ ಅನ್ಕೊಂಡ್ವಿರಿ" ಎಂದ ಹುಡುಗ. "ಆಕಿ ಐದು ಮನಿ, ನಾ ಐದು ಮನಿ ಹಂಚ್ಕೊಂಡು ಓಡಿದ್ವಿ. ಎಲ್ಲಾರ ಮನ್ಯಾಗೂ ಬಾಗ್ಲಾ ತಗದ ಇತ್ತು. ಎಲ್ಲಾರೂ ಗಡ್ಡಾ ಮಾಡ್ಕೊಂಡಿದ್ರು. ಎಲ್ಲಾ ಕಡೆ ನಾಷ್ಟಾ ರೆಡಿ. ತಿನ್ನಲಾರ್ದ ಯಾರೂ ಬಿಡ್ಲಿಲ್ರಿ."

"ಕ್ಯಾಪ್ಟನ್ ಸಾಹೇಬ್ರೂನಾ?"

"ಅವರು ನಾನು ಮಾಡಿದ ಕಾಲ್ ಕಟ್ ಮಾಡ್ಲೇ ಇಲ್ಲ ಸಾರ್" ಎಂದಳು ಹುಡುಗಿ. "ಹೋಗಿ ನೋಡಿದ್ರೆ ಮಂಚದ ಮೇಲೆ ನೆಟ್ಟಗೆ ಮಲಗಿದ್ರು. ಮೆಡಲ್ ಎಲ್ಲ ಹಾಕ್ಕೊಂಡು. ಸಾರ್ ಅಂದೆ, ಕಣ್ಣು ಮುಚ್ಕೊಂಡೇ, 'ಇಡ್ಲಿ ಆರೋಗುತ್ತೆ, ಕೂತ್ಕೋ' ಅಂದ್ರು."

ನಾನು ನಗುತ್ತಲೇ ಉಪ್ಪಿಟ್ಟಿಗೆ ಮೂರು ತಟ್ಟೆ ತೆಗೆದಿಟ್ಟೆ. "ನೋಡಮ್ಮ, ತಪ್ಪಾಯ್ತು" ಎಂದೆ. "ಇನ್ಮೇಲೆ ಹೀಗೆ ಮಾಡಲ್ಲ. ಎಲ್ಲರಿಗೂ ಹೇಳ್ತೀನಿ. ನೀವು ಮಾತ್ರ ಬಿಟ್ಟು ಹೋಗ್ಬೇಡಿ."

ಹುಡುಗಿ ಪಟ್ಟಿ ತೆಗೆದು ಏನೋ ಬರೆದುಕೊಂಡಳು. "ಸೋಮವಾರದಿಂದ ಶನಿವಾರ ಹಳೇ ರೂಲೇ ಸಾರ್. ಭಾನುವಾರ ಮಾತ್ರ ಬದಲಾಯಿಸೋಣ. ನಮ್ಮ ಹುಡುಗರನ್ನೆಲ್ಲ ಸೇರಿಸಿ ಹಂಚ್ಕೋತೀನಿ, ಸಭೆಗೆ ಮುಂಚೆ ಎಲ್ಲರ ಮನೆಗೂ ಒಬ್ರು ಬರ್ತಾರೆ. ನಾವು ಬರೋದು ಬೇಡ ಅನ್ನೋರು ಮಾತ್ರ ಮಿಸ್ಡ್ ಕಾಲ್ ಕೊಡಿ."

ಹೊಸ್ತಿಲಲ್ಲಿದ್ದ ಹುಡುಗ, "ಸರ್, ನನಗ ಅರ್ಧಾ ಪ್ಲೇಟ್ ಸಾಕ್ರಿ" ಎಂದ.

ಅದಾಗಿ ಎರಡು ವರ್ಷವಾಯಿತು. ಭಾನುವಾರ ಇದುವರೆಗೆ ಒಂದು ಮಿಸ್ಡ್ ಕಾಲೂ ಬಂದಿಲ್ಲವಂತೆ.